ಸಕ್ಕರೆಗೆ ಮಂಕಾಗುವ ಕೆಂಪು ಬೆಳಕು

ಅಲ್ಲ ಮಾರಾಯ, ನೀರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂದು ನಿನಗೆ ಹೇಳಿದವರು ಯಾರು? ಬಂದಿತ್ತು. ಇದೇ ಶಿವಮೊಗ್ಗದಲ್ಲಿ ಬಂದಿತ್ತು. ಅದೂ ಕೆರೆ ನೀರಿಗಲ್ಲ, ಹೊಳೆ ನೀರಿಗಲ್ಲ. ಕಾಯಿಸಿ, ಆವಿ ಮಾಡಿ, ತಣಿಸಿ, ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟ ಡಿಸ್ಟಿಲ್ಡ್ ವಾಟರ್‌ಗೆ. ಹಾಗೆ ತಲೆ ಅಲ್ಲಾಡಿಸಬೇಡ. ಕಥೆ ಮುಗಿಯುವ ತನಕ ತಲೆಯನ್ನು ಕತ್ತಿನ ಮೇಲೆ ನೆಟ್ಟಗೆ ಇಟ್ಟುಕೊಂಡಿರು, ಆಮೇಲೆ ಬೇಕಾದ ಕಡೆಗೆ ಅಲ್ಲಾಡಿಸು. ಬೇಡ ಅನ್ನುವವರಿಲ್ಲ.

ಆ ನೀರಿನ ಯಜಮಾನಿ ಜಗದಾಂಬಾ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ತಂದೆ ಗಂಗಾಧರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್, ಕುಲುಮೆಯ ಮುಂದೆ ನಿಂತು ಕೂದಲು ಉದುರಿಸಿಕೊಂಡವರು. ಆ ಕಾಲದಲ್ಲಿ ಕುಲುಮೆಯಿಂದ ಕರಗಿದ ಕಿಟ್ಟವನ್ನು ಹೊರಗೆ ಸುರಿದರೆ ಭದ್ರಾವತಿಯ ಆಕಾಶವೆಲ್ಲ ಕೆಂಪಾಗುತ್ತಿತ್ತು. ಎಷ್ಟು ಕೆಂಪು ಅಂದರೆ, ಓಲ್ಡ್ ಟೌನಿನ ಕೋಳಿಗಳು ಬೆಳಗಾಯಿತೆಂದು ಕೂಗಿ, ಹೆಂಗಸರು ಗಡಬಡಿಸಿ ಎದ್ದು ಸಂಜೆಯೇ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟುಬಿಡುತ್ತಿದ್ದರು. ಇದನ್ನು ನಂಬದಿದ್ದರೂ ನಡೆಯುತ್ತದೆ. ಆ ಬೆಳಕನ್ನು ನೋಡಿ ಬೆಳೆದ ಹುಡುಗಿಗೆ ಬೆಳಕಿನ ಹುಚ್ಚು ಹತ್ತಿತು ಅನ್ನುವುದನ್ನು ಮಾತ್ರ ನಂಬು.

ಗಂಗಾಧರಪ್ಪನವರಿಗೆ ಸಕ್ಕರೆ ಕಾಯಿಲೆ. ಸಾಧಾರಣ ಸಕ್ಕರೆಯಲ್ಲ. ಬೆಳಗ್ಗೆ ಅವರು ಸೈಕಲ್ ಹತ್ತಿ ಡ್ಯೂಟಿಗೆ ಹೊರಟರೆ ಒಂದು ಸಾಲು ಇರುವೆ ಕಾರ್ಖಾನೆಯ ಗೇಟಿನವರೆಗೆ ಬೀಳ್ಕೊಡಲು ಹೋಗುತ್ತಿತ್ತು. ಪಾಸ್ ಇಲ್ಲದ ಕಾರಣಕ್ಕೆ ವಾಚ್‌ಮನ್ ಒಳಗೆ ಬಿಡುತ್ತಿರಲಿಲ್ಲ, ಅಷ್ಟೆ. ಆಗೆಲ್ಲ ಸಕ್ಕರೆ ನೋಡುವ ಪುಟ್ಟ ಯಂತ್ರಗಳು ಮನೆಮನೆಗೆ ಬಂದಿರಲಿಲ್ಲ. ಡಾಕ್ಟರು ಒಂದು ನೀಲಿ ದ್ರಾವಣ ಕೊಟ್ಟಿದ್ದರು. ಗಾಜಿನ ನಳಿಕೆಯಲ್ಲಿ ಅದನ್ನು ಹಾಕಿ, ಮೇಲೆ ಕೆಲವು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿ ಹಾಗೇ ಉಳಿದರೆ ಬದುಕಿದೆ. ಹಸಿರಾದರೆ ಎಚ್ಚರ. ಇಟ್ಟಿಗೆ ಬಣ್ಣ ಬಂದರೆ ಅವತ್ತು ಮನೆಯಲ್ಲಿ ಯಾರಿಗೂ ಪಾಯಸವಿಲ್ಲ.

ಕುದಿಸುವುದೆಲ್ಲಿ? ಅಡುಗೆ ಮನೆಯ ಒಲೆಯ ಮೇಲೆ. ಒಂದು ದಿನ ಜಗದಾಂಬಾಳ ತಾಯಿ ಸೌಟು ಎತ್ತಿಕೊಂಡು ನಿಂತರು.

"ಈ ಒಲೆ ಮೇಲೆ ಅನ್ನ ಬೇಯ್ಬೇಕೋ, ನಿಮ್ದು ಬೇಯ್ಬೇಕೋ, ಒಂದು ಹೇಳ್ಬಿಡಿ."

ಗಂಗಾಧರಪ್ಪ ಅನ್ನದ ಪರವಾಗಿ ತೀರ್ಪು ಕೊಟ್ಟು ಸೀಮೆಎಣ್ಣೆ ಸ್ಟವ್ ಎತ್ತಿಕೊಂಡು ಹಿತ್ತಲಿಗೆ ಹೋದರು. ಬಣ್ಣ ನೋಡುವ ಕೆಲಸ ಮಗಳಿಗೆ ಬಿತ್ತು, ಯಾಕೆಂದರೆ ಕುಲುಮೆ ನೋಡಿ ನೋಡಿ ಅವರ ಕಣ್ಣಿಗೆ ಹಸಿರೂ ಹಳದಿಯೂ ಒಂದೇ ಆಗಿದ್ದವು. ಹುಡುಗಿ ಮೂಗು ಮುಚ್ಚಿಕೊಂಡು ನಳಿಕೆ ಹಿಡಿದು ಕೂತಿರುತ್ತಿದ್ದಳು. ಒಮ್ಮೆ ಹೇಳಿದಳು:

"ಅಪ್ಪಾ, ಕುದಿಸ್ದೆ, ಚುಚ್ಚದೆ, ಬರೀ ಬೆಳಕು ನೋಡಿ ಸಕ್ಕರೆ ಎಷ್ಟಿದೆ ಅಂತ ಹೇಳೋದು ನಾನು ಕಂಡ್ಹಿಡೀತೀನಿ ನೋಡ್ತಾ ಇರಿ."

"ಕಂಡ್ಹಿಡಿಯಮ್ಮ. ಅಲ್ಲಿವರೆಗೆ ಗಾಳಿ ಬರೋ ಕಡೆ ಕೂತ್ಕೋ," ಎಂದು ಗಂಗಾಧರಪ್ಪ ಜೇಬಿನಿಂದ ಒಂದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಂದನ್ನು ತಮ್ಮ ದವಡೆಗೆ ಹಾಕಿಕೊಂಡು ಇನ್ನೊಂದನ್ನು ಮಗಳಿಗೆ ಕೊಟ್ಟರು. ಕುಲುಮೆಯ ಮುಂದೆ ಬಾಯಿ ಒಣಗಬಾರದೆಂದು ಅವರು ಮಾಡಿಕೊಂಡ ಅಭ್ಯಾಸ ಅದು. ಮಗಳಿಗೆ ಕುಲುಮೆ ಇರಲಿಲ್ಲ, ಅಭ್ಯಾಸ ಮಾತ್ರ ಬಂತು.

ಹೀಗೆ ಬಂದ ಎರಡು ವಿಷಯಗಳನ್ನು, ಅಂದರೆ ಬೆಳಕಿನ ಹುಚ್ಚನ್ನೂ ಅಡಿಕೆ ಹೋಳನ್ನೂ, ಜಗದಾಂಬಾ ಮದುವೆಯಾಗಿ ಶಿವಮೊಗ್ಗದ ಕೋಟೆ ರಸ್ತೆಯ ಮನೆಗೆ ಬಂದಾಗ ಜೊತೆಯಲ್ಲೇ ತಂದಳು. ಎಲೆಯಿಲ್ಲ, ಸುಣ್ಣವಿಲ್ಲ, ಹೊಗೆಸೊಪ್ಪಿನ ಮಾತೇ ಇಲ್ಲ. ಬರೀ ಒಂದು ಹೋಳು. ಮಧ್ಯಾಹ್ನದ ಊಟವಾದ ಮೇಲೆ ಬಲ ದವಡೆಯ ಮೂಲೆಗೆ ಸೇರಿದರೆ ಸಂಜೆ ಮನೆಗೆ ಬರುವ ತನಕ ಅಲ್ಲೇ ಠಿಕಾಣಿ. ಪಾಠ ಮಾಡುತ್ತಿದ್ದರೂ ಎದುರಿಗೆ ಕೂತ ಹುಡುಗಿಯರಿಗೆ ಗೊತ್ತಾಗದು. ಅಡಿಕೆ ಊರಿನಲ್ಲಿ ಇದನ್ನು ಯಾರಾದರೂ ಚಟವೆಂದು ಕರೆಯುತ್ತಾರೆಯೇ? ಉಸಿರಾಡುವುದನ್ನು ಚಟ ಅಂದ ಹಾಗೆ ಆಯಿತು.

ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ, ತೊಂಬತ್ತೇಳನೇ ಇಸವಿಯಲ್ಲಿ, ಪಿಎಚ್‌ಡಿ ಮಾಡುತ್ತೇನೆಂದು ಹೊರಟಳು. ಗೈಡ್ ಪ್ರಸನ್ನಕುಮಾರ್. ತೆಳ್ಳನೆಯ ಮನುಷ್ಯ, ಹೊಟ್ಟೆ ಹುಣ್ಣು, ಮೊಸರನ್ನ ಬಿಟ್ಟರೆ ಬೇರೇನೂ ಸೇರದು. ಆದ್ದರಿಂದ ತಿನ್ನುವವರ ಮೇಲೆಲ್ಲ ಅವರಿಗೊಂದು ಸಣ್ಣ ಸಿಟ್ಟು.

ಅವರಿಬ್ಬರೂ ಸೇರಿ ಮಾಡಿದ್ದು ಏನು ಅಂದರೆ, ಯುರೋಪಿಯಂ ಅಂತ ಒಂದು ಲೋಹ. ಆಗಿನ ಬಣ್ಣದ ಟಿವಿಯಲ್ಲಿ ಕುಂಕುಮ ಕೆಂಪಗೆ ಕಾಣುತ್ತಿದ್ದುದು ಅದರ ದೆಸೆಯಿಂದ. ಆ ಲೋಹಕ್ಕೆ ಒಂದು ಸಾವಯವ ಅಣುವಿನ ಅಂಗಿ ತೊಡಿಸಿ, ಅಂಗಿಯ ತುದಿಗೆ ಬೋರಾನ್ ಕಟ್ಟಬೇಕು. ಅಕ್ಕಸಾಲಿಗರು ಒಡವೆ ಬೆಸೆಯಲು ಬಳಸುವ ಬಿಳಿಗಾರ ಇದೆಯಲ್ಲ, ಅದರಲ್ಲಿರುವುದೇ ಈ ಬೋರಾನ್. ಇಷ್ಟು ಮಾಡಿ ನೀರಿನಲ್ಲಿ ಕರಗಿಸಿ, ನೇರಳೆಯಾಚೆಯ ಬೆಳಕು ಚೆಲ್ಲುವ ದೀಪದ ಕೆಳಗೆ ಹಿಡಿದರೆ ನಳಿಕೆಯೊಳಗಿನ ನೀರು ಕೆಂಡದ ಹಾಗೆ ಬೆಳಗುತ್ತದೆ. ಬಿಸಿಯಿಲ್ಲ, ಹೊಗೆಯಿಲ್ಲ, ಬರೀ ಬೆಳಕು. ಅದಕ್ಕೆ ಸಕ್ಕರೆ ಸೇರಿಸು. ಬೋರಾನ್ ಹೋಗಿ ಸಕ್ಕರೆಯ ಕೈ ಹಿಡಿದುಕೊಳ್ಳುತ್ತದೆ, ಬೆಳಕು ಮಂಕಾಗುತ್ತದೆ. ಸಕ್ಕರೆ ಹೆಚ್ಚಾದಷ್ಟೂ ಮಂಕು. ಹೋಳಿಗೆ ಊಟ ಮುಗಿಸಿ ಜಗಲಿಯಲ್ಲಿ ಕೂತವರ ಮುಖ ನೋಡಿದ್ದೀಯಲ್ಲ, ಅದೇ ಲೆಕ್ಕ.

ನೋಡುವುದಕ್ಕೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆಲ್ಲ ಕಪ್ಪು ಬಣ್ಣ ಬಳಿದು, ದೀಪವಿಟ್ಟು, ಒಂದು ಪಕ್ಕದಲ್ಲಿ ಕಣ್ಣಿಡಲು ತೂತು ಕೊರೆದಿದ್ದರು. ಬೆಳಕನ್ನು ಅಳೆಯುವ ದೊಡ್ಡ ಯಂತ್ರವೂ ಒಂದಿತ್ತು. ಅದು ಕರೆಂಟು ಸರಿಯಾಗಿರುವ ದಿನ ಸತ್ಯ ಹೇಳುತ್ತಿತ್ತು, ವೋಲ್ಟೇಜ್ ಇಳಿದ ದಿನ ಚುನಾವಣೆ ಭಾಷಣ ಮಾಡುತ್ತಿತ್ತು. ಹಾಗಾಗಿ ಜಗದಾಂಬಾ ಮೊದಲು ಡಬ್ಬದ ತೂತಿಗೆ ಕಣ್ಣಿಟ್ಟು, ಆಮೇಲೆ ಯಂತ್ರವನ್ನು ಕೇಳುತ್ತಿದ್ದಳು.

ಬೆಳಗ್ಗೆಯೆಲ್ಲ ಅವಳಿಗೆ ಕ್ಲಾಸು. ಪ್ರಯೋಗಕ್ಕೆ ಸಿಗುತ್ತಿದ್ದುದು ಊಟವಾದ ಮೇಲಿನ ಹೊತ್ತು ಮಾತ್ರ. ಅಲ್ಲೇ ಶುರುವಾಯಿತು ಗ್ರಹಚಾರ. ಸಕ್ಕರೆ ಹಾಕಿದ ನಳಿಕೆ ಮಂಕಾಗುತ್ತಿತ್ತು, ಸರಿ. ಪಕ್ಕದಲ್ಲಿ ಬರೀ ನೀರು ಹಾಕಿದ ನಳಿಕೆಯೂ ಮಂಕಾಗುತ್ತಿತ್ತು. ಒಂದು ದಿನ ಸ್ವಲ್ಪ, ಇನ್ನೊಂದು ದಿನ ಜಾಸ್ತಿ. ಪ್ರಸನ್ನಕುಮಾರ್ ಬೆಳಗ್ಗೆ ಬಂದು ತಾವೇ ಮಾಡಿದರೆ ನೀರು ನೀರಾಗಿಯೇ ಇರುತ್ತಿತ್ತು. ಮಧ್ಯಾಹ್ನ ಜಗದಾಂಬಾಳ ಕೈಗೆ ಬಂದರೆ ಪಾನಕವಾಗಿ ಬಿಡುತ್ತಿತ್ತು.

ಪ್ರಸನ್ನಕುಮಾರ್ ತೂತಿನಿಂದ ಕಣ್ಣು ತೆಗೆದು ಕೇಳಿದರು. "ಮೇಡಂ, ಇದರಲ್ಲಿ ಏನು ಹಾಕಿದೀರಿ?"

"ಬರೀ ನೀರು ಸಾರ್."

"ಬರೀ ನೀರು ಇಷ್ಟು ಮಂಕಾಗುತ್ತಾ? ಹಾಗಾದ್ರೆ ನಿಮ್ಮ ನೀರಿಗೆ ಡಯಾಬಿಟೀಸ್ ಬಂದಿದೆ. ಒಳ್ಳೆ ಡಾಕ್ಟ್ರಿಗೆ ತೋರ್ಸಿ."

ಕೇಳಿದೆಯಾ? ಬಂದಿತ್ತು ಅಂದೆನಲ್ಲ.

ಅವಳು ನೀರು ಬದಲಾಯಿಸಿದಳು. ನಳಿಕೆಗಳನ್ನೆಲ್ಲ ಆಸಿಡ್ಡಿನಲ್ಲಿ ಅದ್ದಿ ತೊಳೆದಳು. ಕೆಂಪು ಬೆಳಕಿನ ಪುಡಿಯನ್ನು ಮೊದಲಿಂದ ಹಿಡಿದು ಮತ್ತೆ ತಯಾರಿಸಿದಳು. ಕಾಲೇಜಿನ ಎದುರಿನ ಬೇಕರಿಯಿಂದ ಬೆಲ್ಲದ ಪಾಕದ ವಾಸನೆ ಬರುತ್ತದೆಂದು ಕಿಟಕಿಗಳನ್ನೆಲ್ಲ ಜಡಿದು, ಬೆವರು ಸುರಿಸುತ್ತಾ ಕೂತಳು. ನೀರಿನ ಕಾಯಿಲೆ ಇಳಿಯಲಿಲ್ಲ. ಹೀಗೆ ವರ್ಷಗಳೇ ಕಳೆದವು. ಜೊತೆಯವರು ಡಾಕ್ಟರೇಟು ಮುಗಿಸಿ, ಮನೆಯ ಮುಂದೆ ಬೋರ್ಡು ಹಾಕಿಸಿ, ಬೋರ್ಡಿನ ಬಣ್ಣವೂ ಮಾಸಲು ಶುರುವಾಯಿತು.

ಎರಡು ಸಾವಿರದ ಎರಡನೇ ಇಸವಿಯ ಆರಂಭದಲ್ಲಿ ಪ್ರಸನ್ನಕುಮಾರ್ ಅವಳನ್ನು ಕೂರಿಸಿಕೊಂಡು ಮಾತನಾಡಿದರು. ಸಿಟ್ಟಿನಲ್ಲಿದ್ದರೆ ಅವಳಿಗೆ ಭಯವಾಗುತ್ತಿರಲಿಲ್ಲ, ಅವತ್ತು ಅವರು ಮೆತ್ತಗೆ ಮಾತನಾಡಿದರು.

"ಯುಗಾದಿ ಆದ್ಮೇಲೆ ಧಾರವಾಡದಿಂದ ಪ್ರೊಫೆಸರ್ ಕೊಟ್ರಬಸಪ್ಪನವರು ನಿಮ್ಮ ಕೆಲಸ ನೋಡೋಕೆ ಬರ್ತಾರೆ. ಅವರ ಮುಂದೆ ನೀರು ನೀರಾಗಿರ್ಬೇಕು, ಸಕ್ಕರೆ ಸಕ್ಕರೆಯಾಗಿರ್ಬೇಕು. ಅವರು ಬೇಡ ಅಂದ್ರೆ ಮುಗೀತು ಮೇಡಂ. ಇಷ್ಟು ವರ್ಷದ್ದೆಲ್ಲ ಕಟ್ಟಿ ಅಟ್ಟಕ್ಕೆ ಹಾಕೋದೇ."

ಆ ಸಂಜೆ ಕೋಟೆಯ ಮನೆಯಲ್ಲಿ ಅವಳು ಅನ್ನ ಕಲಸಿ ಹಾಗೇ ಕೂತದ್ದನ್ನು ಅತ್ತೆ ಶಂಕರಮ್ಮ ನೋಡಿದರು. ಶಂಕರಮ್ಮನಿಗೆ ಕೆಮಿಸ್ಟ್ರಿ ತಿಳಿಯದು, ಆದರೆ ಸೊಸೆ ಅನ್ನ ಬಿಡುವುದು ತಿಳಿಯುತ್ತದೆ.

"ಶಿವರಾತ್ರಿ ಬಂತು. ಈ ಸಲ ಉಪವಾಸ ಸರಿಯಾಗಿ ಮಾಡು. ಕಾಫಿ ಇಲ್ಲ, ಹಣ್ಣಿಲ್ಲ, ಆ ನಿನ್ನ ಅಡಿಕೆನೂ ಇಲ್ಲ. ಆಮೇಲೆ ನೋಡು ಶಿವ ಹೆಂಗೆ ಕಣ್ ಬಿಡ್ತಾನೆ."

ಶಿವರಾತ್ರಿಯ ದಿನ ಮನೆ ತುಂಬ ನೆಂಟರು. ಉಪವಾಸದ ಹೊಟ್ಟೆಯಲ್ಲಿ ಅವರ ಮಾತು ಕೇಳುವುದು ಕಷ್ಟವೆಂದು ಜಗದಾಂಬಾ ಮಧ್ಯಾಹ್ನ ಕಾಲೇಜಿಗೆ ಹೋದಳು. ರಜೆ. ವಾಚ್‌ಮನ್ ಬಾಗಿಲು ತೆಗೆದುಕೊಟ್ಟ. ಮಾಡುವುದಕ್ಕೆ ಬೇರೇನೂ ಇಲ್ಲದ್ದಕ್ಕೆ ನಳಿಕೆಗಳನ್ನು ಜೋಡಿಸಿ, ಹಾಕಬೇಕಾದ್ದನ್ನು ಹಾಕಿ, ಡಬ್ಬದ ತೂತಿಗೆ ಕಣ್ಣಿಟ್ಟಳು.

ನೀರು ಬೆಳಗುತ್ತಿತ್ತು. ನ್ಯೂ ಟೌನಿನ ಆಕಾಶದ ಹಾಗೆ ಕೆಂಪಗೆ. ಪಕ್ಕದ ಸಕ್ಕರೆ ನೀರು ಮಂಕು. ಇನ್ನೊಮ್ಮೆ ಮಾಡಿದಳು. ಹಾಗೇ. ಯಂತ್ರವನ್ನು ಕೇಳಿದಳು. ವೋಲ್ಟೇಜ್ ಕೂಡ ಅವತ್ತು ಉಪವಾಸವಿದ್ದು ಶುದ್ಧವಾಗಿತ್ತೋ ಏನೋ, ಯಂತ್ರವೂ ಅದನ್ನೇ ಹೇಳಿತು.

ಮನೆಗೆ ಬಂದವಳೇ ಅತ್ತೆಗೆ ಹೇಳಿದಳು. ಶಂಕರಮ್ಮ ಆಶ್ಚರ್ಯಪಡಲಿಲ್ಲ.

"ನಾನು ಹೇಳಿಲ್ವಾ? ಶಿವ ಕಣ್ ಬಿಟ್ಟ."

"ಮೂರನೇದಾ ಅತ್ತೆ?"

"ತಮಾಷೆ ಮಾಡ್ಬೇಡ ಮಾರಾಯ್ತಿ, ಅದು ಬಿಟ್ರೆ ಕಾಲೇಜು ಉಳಿಯಲ್ಲ."

ಮರುದಿನ ಹೊಟ್ಟೆ ತುಂಬ ಉಂಡು, ಹುರುಪಿನಲ್ಲಿ ಲ್ಯಾಬಿಗೆ ಹೋಗಿ ಗೈಡನ್ನು ಕರೆದು ತೋರಿಸಿದಳು. ನೀರು ಮತ್ತೆ ಮಂಕು. ಪ್ರಸನ್ನಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ವಾರಕ್ಕೊಂದು ಶಿವರಾತ್ರಿ ಮಾಡಿ ಮೇಡಂ."

ಅವರು ಆಡಿಕೊಂಡದ್ದು. ಅವಳು ನಿಜಕ್ಕೂ ಮಾಡಿದಳು! ಸೋಮವಾರ ಬಂತು, ಉಪವಾಸ ಹಿಡಿದಳು. ಆದರೆ ಸೋಮವಾರದ ಉಪವಾಸ ಅಂದರೆ ಶಿವರಾತ್ರಿಯಷ್ಟು ಕಟ್ಟುನಿಟ್ಟಲ್ಲ. ಅನ್ನ ಮಾತ್ರ ಇಲ್ಲ. ಮಧ್ಯಾಹ್ನ ಹಸಿವು ತಡೆಯಲಾರದೆ ಅಡಿಕೆ ಹೋಳನ್ನು ದವಡೆಗೆ ಸೇರಿಸಿಕೊಂಡು ಲ್ಯಾಬಿಗೆ ಬಂದಳು. ನೀರು ಮಂಕು. ಅಂದಮೇಲೆ ಊಟದ ತಪ್ಪಲ್ಲ. ಶಿವ ಸೋಮವಾರ ರಜೆ ಹಾಕಿದ್ದಾನೆಯೇ?

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಿಪೆಟ್ ಅಂತ ಒಂದು ಸಪೂರ ಗಾಜಿನ ಕೊಳವೆ ಇರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ಬಾಯಿಯಿಂದ ಎಳೆದು, ಗೆರೆಯವರೆಗೆ ತುಂಬಿಸಿ, ಬೆರಳಿನಿಂದ ಮುಚ್ಚಿ, ಬೇಕಾದ ಪಾತ್ರೆಗೆ ಬಿಡುವುದು. ಎಳೆಯಲು ರಬ್ಬರಿನ ಬುರುಡೆಯೂ ಬರುತ್ತದೆ. ಲ್ಯಾಬಿನಲ್ಲಿ ಅದೊಂದಿತ್ತು. ಹೊಟ್ಟೆ ಹುಣ್ಣಿಗೆ ಏನೂ ತಾಗಬಾರದೆಂದು ಪ್ರಸನ್ನಕುಮಾರ್ ತಮಗಾಗಿ ಇಟ್ಟುಕೊಂಡಿದ್ದರು, ಬೇರೆಯವರು ಮುಟ್ಟುವಂತಿರಲಿಲ್ಲ. ಮಿಕ್ಕವರೆಲ್ಲ ಬಾಯಿಯಲ್ಲೇ ಎಳೆಯುತ್ತಿದ್ದರು. ದೇಶದ ತುಂಬ ಹಾಗೇ ನಡೆಯುತ್ತಿತ್ತು.

ಆ ಸೋಮವಾರ ಜಗದಾಂಬಾ ಮತ್ತೊಮ್ಮೆ ಎಳೆಯೋಣವೆಂದು ಪಿಪೆಟ್ಟನ್ನು ತುಟಿಗೆ ಇಟ್ಟಳು. ಹೋಳು ಅಡ್ಡ ಬಂತು. ನಾಲಿಗೆಯಿಂದ ಅದನ್ನು ಆಚೆ ದವಡೆಗೆ ತಳ್ಳಿದಳು. ತಳ್ಳಿದವಳು ಹಾಗೇ ನಿಂತಳು. ಕೊಳವೆಯ ಒಳಗೋಡೆಯಲ್ಲಿ ಒಂದು ಸಣ್ಣ ಹನಿ, ತೆಳು ಚಹಾದ ಬಣ್ಣದ್ದು, ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹೋಳನ್ನು ಬಾಯಿಂದ ತೆಗೆದಳು. ಬಾಯಿ ಚೆನ್ನಾಗಿ ಮುಕ್ಕಳಿಸಿ, ಬೇರೆ ಪಿಪೆಟ್ಟಿನಲ್ಲಿ ಹೊಸ ನಳಿಕೆಗೆ ನೀರು ಎಳೆದು ಬಿಟ್ಟಳು. ಕೆಂಪಗೆ ಬೆಳಗಿತು. ಆ ಬೆಳಗುವ ನೀರಿಗೆ ಹೋಳಿನ ತುದಿಯನ್ನು ಒಮ್ಮೆ ತಾಗಿಸಿದಳು. ಕರೆಂಟು ಹೋದ ಹಾಗೆ ಆರಿತು.

ಪ್ರಸನ್ನಕುಮಾರರ ಕೋಣೆಗೆ ಹೋಗಿ ಹೇಳಿದಳು. "ಸಾರ್, ನೀರಿಗೆ ಕಾಯಿಲೆ ಇಲ್ಲ. ಇರೋದು ನನ್ನ ಬಾಯಲ್ಲಿ."

ಅವರು ಎಲ್ಲ ಕೇಳಿದರು. ಆಮೇಲೆ ಹಲಗೆಯ ಮೇಲೆ ಬರೆದು ತೋರಿಸಿದರು. ಅಡಿಕೆಯ ಒಗರು ಇದೆಯಲ್ಲ, ಅದಕ್ಕೂ ಸಕ್ಕರೆಯ ಹಾಗೆ ಜೋಡಿ ಕೈ. ಆದರೆ ಹಿಡಿತ ಬಹಳ ಗಟ್ಟಿ. ಸಕ್ಕರೆಯ ಕೈ ಹಿಡಿದ ಬೋರಾನ್, ಒಗರು ಬಂತೆಂದರೆ ಸಕ್ಕರೆಯನ್ನು ಬಿಟ್ಟು ಇದನ್ನೇ ತಬ್ಬಿಕೊಳ್ಳುತ್ತದೆ.

"ಈಗೇನ್ಮಾಡ್ತೀರಿ? ಅಡಿಕೆ ಬಿಡ್ತೀರೋ, ಪಿಎಚ್‌ಡಿ ಬಿಡ್ತೀರೋ?"

"ಸ್ವಲ್ಪ ಟೈಮ್ ಕೊಡಿ ಸಾರ್."

"ಯೋಚ್ನೆ ಮಾಡ್ಬೇಕಾ ಇದಕ್ಕೆ!" ಎಂದು ಮೇಲೆದ್ದ ಪ್ರಸನ್ನಕುಮಾರ್ ತಮ್ಮ ರಬ್ಬರ್ ಬುರುಡೆಯನ್ನು ಡ್ರಾಯರಿನಿಂದ ತೆಗೆದು ಅವಳ ಮುಂದಿಟ್ಟರು. ಆ ಮನುಷ್ಯ ತನ್ನ ಹೊಟ್ಟೆಯ ಹುಣ್ಣನ್ನೇ ಕೊಟ್ಟಿದ್ದರೂ ಇಷ್ಟು ದೊಡ್ಡ ಮಾತಾಗುತ್ತಿರಲಿಲ್ಲ. "ಇದರಲ್ಲಿ ಎಳೀರಿ. ಕೊಟ್ರಬಸಪ್ಪನವರ ಮುಂದೆ ಈ ಅಡಿಕೆ ಸುದ್ದಿ ಎತ್ಬೇಡಿ. ಬಾಯಲ್ಲಿ ಅಡಿಕೆ ಇಟ್ಕೊಂಡು ಕೆಲ್ಸ ಮಾಡಿದ್ವಿ ಅಂದ್ರೆ ಡಿಪಾರ್ಟ್‌ಮೆಂಟ್ ಮರ್ಯಾದೆ ಏನಾಗ್ಬೇಕು? ನೀರು ಬೆಳಗಲಿ, ಸಕ್ಕರೆ ಮಂಕಾಗಲಿ, ಅವರು ನೋಡ್ಲಿ, ಹೋಗ್ಲಿ."

ಆ ಮೇಲೆ ಅವಳು ಲ್ಯಾಬಿನೊಳಗೆ ಅಡಿಕೆ ತರಲಿಲ್ಲ. ಮಾಡಿದ್ದನ್ನೆಲ್ಲ ಮತ್ತೆ ಮಾಡಿದಳು. ಎಲ್ಲ ಸರಿಬಂತು. ಆದರೂ ಮನಸ್ಸಿನಲ್ಲಿ ಒಂದು ಹೋಳು ಅಡ್ಡ ನಿಂತಿತ್ತು. ನುಂಗಲಾಗದು, ಉಗಿಯಲಾಗದು.

ಯುಗಾದಿ ಕಳೆದು ಕೊಟ್ರಬಸಪ್ಪನವರು ಬಂದರು. ಆಳೆತ್ತರ, ಅದಕ್ಕೆ ತಕ್ಕ ಹೊಟ್ಟೆ, ಅದಕ್ಕೂ ತಕ್ಕ ಗಂಟಲು. ಅವರು ಕಾರಿಡಾರಿನಲ್ಲಿ ನಕ್ಕರೆ ಲ್ಯಾಬಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ಹುಟ್ಟಿದ್ದು ದಾವಣಗೆರೆ ಕಡೆಯ ಹಳ್ಳಿಯಲ್ಲಿ, ಓದುತ್ತಾ ಓದುತ್ತಾ ದೊಡ್ಡವರಾಗಿದ್ದರು. ಬೆಳಗ್ಗೆ ಜಗದಾಂಬಾ ಬುರುಡೆ ಹಾಕಿ ಎಳೆದು, ಡಬ್ಬದಲ್ಲಿಟ್ಟು ತೋರಿಸಿದಳು. ನೀರು ಬೆಳಗಿತು. ಸಕ್ಕರೆ ಮಂಕಾಯಿತು. ಕೊಟ್ರಬಸಪ್ಪ "ಭೇಷ್" ಎಂದರು. ಪ್ರಸನ್ನಕುಮಾರ್ ಅವತ್ತು ಮೊಸರನ್ನದ ಜೊತೆಗೆ ಉಪ್ಪಿನಕಾಯಿ ನೆಕ್ಕುವ ಧೈರ್ಯ ಮಾಡಿದರು.

ಊಟ ಶಂಕರಮ್ಮನ ಕೈಯದ್ದು. ಹೋಳಿಗೆ, ಚಿತ್ರಾನ್ನ, ಕೋಸಂಬರಿ, ಕಟ್ಟಿನ ಸಾರು. ಕ್ಯಾರಿಯರ್ ಹಿಡಿದುಕೊಂಡು ತಾವೇ ಆಟೋದಲ್ಲಿ ಬಂದಿದ್ದರು. ಕೊಟ್ರಬಸಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು, ತುಪ್ಪಕ್ಕೆ ಹೋಳಿಗೆ ಹಾಕಿಸಿಕೊಂಡರು, ಕೊನೆಗೆ ಯಾವುದಕ್ಕೆ ಯಾವುದು ಎನ್ನುವ ಲೆಕ್ಕವೇ ತಪ್ಪಿತು. ಎಲ್ಲ ಮುಗಿದು ಜಗದಾಂಬಾ ಕೈತೊಳೆಯಲು ಹೋಗಿ ಬರುವಷ್ಟರಲ್ಲಿ ಶಂಕರಮ್ಮ ಕ್ಯಾರಿಯರಿನ ತಳದ ಡಬ್ಬಿ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಎಲೆ ಅಡಿಕೆಯನ್ನು ತಟ್ಟೆಯಲ್ಲಿಟ್ಟು ಅತಿಥಿಯ ಮುಂದೆ ಹಿಡಿದಿದ್ದರು.

ಜಗದಾಂಬಾ ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ಅತ್ತೆ, ಇವತ್ತು ಅಡಿಕೆ ತರ್ಬೇಡಿ ಅಂತ ಹೇಳಿದ್ನಲ್ಲ!"

"ನೀನು ತಿನ್ಬೇಡ. ಮನೆ ಊಟ ಉಂಡೋರಿಗೆ ಎಲೆ ಅಡಿಕೆ ಕೊಡ್ದೆ ಕಳ್ಸೋದಾ? ನಾವೇನು ಹೋಟ್ಲು ಇಟ್ಟಿದೀವಾ?"

ಕೊಟ್ರಬಸಪ್ಪ ಎಲೆ ಮುಟ್ಟಲಿಲ್ಲ. ಎರಡು ಹೋಳು ಅಡಿಕೆ ಬಾಯಿಗೆ ಹಾಕಿ, ಕಟಕಟ ಕಡಿದು, "ಏನಮ್ಮಾ, ಶಿವಮೊಗ್ಗದ ಅಡಿಕೆ ಅಂದ್ರೆ ಅಡಿಕೆ!" ಎನ್ನುತ್ತಾ ಲ್ಯಾಬಿನೊಳಗೆ ನಡೆದರು. "ಈಗ ನಾನೇ ಒಂದ್ಸಲ ಮಾಡಿ ನೋಡ್ತೀನಿ. ಪಿಪೆಟ್ ಕೊಡಿ."

ಜಗದಾಂಬಾ ಬುರುಡೆ ಹಾಕಿ ಕೊಟ್ಟಳು. ಅವರು ಅದನ್ನು ಕಿತ್ತು ಮೇಜಿನ ಮೇಲಿಟ್ಟರು. "ಇದೆಲ್ಲ ಮಕ್ಕಳಿಗೆ. ನಾವು ಬಾಯಲ್ಲೇ ಎಳೆದು ಬೆಳೆದೋರು."

ಎಳೆದರು. ಬಿಟ್ಟರು. ನಳಿಕೆಯನ್ನು ಡಬ್ಬದಲ್ಲಿಟ್ಟು ತೂತಿಗೆ ಕಣ್ಣಿಟ್ಟರು. ನಗು ನಿಂತಿತು.

"ಏನ್ರೀ ಪ್ರಸನ್ನಕುಮಾರ್? ಬರೀ ನೀರಲ್ಲಿ ಸಕ್ಕರೆ ಇದೆ ಅಂತಿದೆಯಲ್ರೀ ಇದು? ಬೆಳಗ್ಗೆ ಏನ್ ತೋರ್ಸಿದ್ರಿ ನನಗೆ?"

ಪ್ರಸನ್ನಕುಮಾರ್ ಮೇಲೆ ತಿರುಗುವ ಫ್ಯಾನ್ ನೋಡಿದರು. "ವೋಲ್ಟೇಜ್ ಸಾರ್… ಮಧ್ಯಾಹ್ನ ಸ್ವಲ್ಪ ಡ್ರಾಪ್ ಆಗುತ್ತೆ…"

ಅವಳೂ ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಊರಲ್ಲಿ ವೋಲ್ಟೇಜಿನ ಮೇಲೆ ಹೇರದ ತಪ್ಪು ಯಾವುದಿದೆ? ಅವಳ ಡಾಕ್ಟರೇಟು, ಹಿತ್ತಲಲ್ಲಿ ನಳಿಕೆ ಹಿಡಿದು ಕೊಟ್ಟ ಮಾತು, ಎಲ್ಲ ಆ ಒಂದು ಹೂಂನಲ್ಲಿ ಉಳಿಯುತ್ತಿತ್ತು. ಜಗದಾಂಬಾ ಬಾಯಿ ತೆರೆದಳು.

"ವೋಲ್ಟೇಜ್ ಅಲ್ಲ ಸಾರ್. ನಿಮ್ಮ ಬಾಯಲ್ಲಿ ಅಡಿಕೆ ಇದೆ. ಉಗಿದು, ಬಾಯಿ ಮುಕ್ಕಳಿಸ್ಕೊಂಡು ಬನ್ನಿ."

ಶಂಕರಮ್ಮ ಬಾಗಿಲಲ್ಲೇ ನಿಂತು "ಅಯ್ಯೋ ಶಿವನೇ" ಅಂದರು. ಪ್ರಸನ್ನಕುಮಾರರ ಮುಖ ನೋಡಿದರೆ ಹುಣ್ಣು ಅಲ್ಲೇ ಒಡೆದಂತಿತ್ತು.

"ಉಗಿದು ಬರಲಾ? ನಾನು?" ಎಂದರು ಕೊಟ್ರಬಸಪ್ಪ.

"ಹೌದು ಸಾರ್. ಕಿಟಕಿಯಾಚೆ ಬೇಡ. ಅಲ್ಲಿ ಸಿಂಕ್ ಇದೆ."

ಅಷ್ಟು ದೊಡ್ಡ ಮನುಷ್ಯ ಹೋದರು. ಸಿಂಕಿನಲ್ಲಿ ಗುಳುಗುಳು ಸದ್ದು ಬಹಳ ಹೊತ್ತು ಕೇಳಿತು. ಬಂದು ಬೇರೆ ಪಿಪೆಟ್ಟಿನಲ್ಲಿ ಮತ್ತೆ ಬಾಯಿಂದಲೇ ಎಳೆದು, ಬಿಟ್ಟು, ಕಣ್ಣಿಟ್ಟರು. ತೂತಿನಿಂದ ಕೆಂಪು ಬೆಳಕು ಹೊರಬಂದು ಅವರ ಕೆನ್ನೆಯ ಮೇಲೆ ಬಿದ್ದದ್ದು ಬಾಗಿಲಲ್ಲಿದ್ದ ಶಂಕರಮ್ಮನಿಗೂ ಕಂಡಿತು.

"ನಿಮಗೆ ಹೆಂಗೆ ಗೊತ್ತಾಯ್ತು ಇದು?"

ಅವಳು ಎಲ್ಲ ಹೇಳಿದಳು. ದವಡೆಯ ಹೋಳು, ಶಿವರಾತ್ರಿ, ಸೋಮವಾರ, ಯಾವುದನ್ನೂ ಬಿಡಲಿಲ್ಲ. ಕೊಟ್ರಬಸಪ್ಪ ಕುರ್ಚಿ ಎಳೆದು ಕೂತು ಕೇಳಿದರು.

"ಅಂದ್ರೆ ಇದು ಸಕ್ಕರೆ ಹುಡುಕೋದಲ್ಲ. ಅಡಿಕೆ ಹುಡುಕೋದು."

"ಎರಡನ್ನೂ ಹುಡುಕುತ್ತೆ ಸಾರ್. ಯಾವುದು ಸಿಕ್ತು ಅಂತ ಮಾತ್ರ ಹೇಳಲ್ಲ."

"ಈ ಊರಲ್ಲಿ ಅಡಿಕೆ ತಿನ್ನದ ಮನುಷ್ಯ ಎಲ್ಲಿ ಸಿಗ್ತಾನೆ? ಹಾಗಾದ್ರೆ ಇದು ಇಲ್ಲಿಯವರಿಗೆ ಕೆಲಸಕ್ಕೆ ಬರಲ್ಲ."

"ಬರಲ್ಲ ಸಾರ್," ಎಂದಳು ಜಗದಾಂಬಾ. ಅದನ್ನು ಜೋರಾಗಿ ಹೇಳಿದ್ದು ಅವಳು ಅದೇ ಮೊದಲು.

ಕೊಟ್ರಬಸಪ್ಪ ಎದ್ದರು. "ಸರಿ, ಅದನ್ನೇ ಒಂದು ಅಧ್ಯಾಯ ಮಾಡಿ ಬರೀರಿ. ಏನು ಹುಡುಕುತ್ತೆ ಅನ್ನೋದನ್ನ ಎಲ್ಲರೂ ಬರೀತಾರೆ, ಎಲ್ಲಿ ಮೋಸ ಹೋಗುತ್ತೆ ಅಂತ ಯಾರೂ ಬರಿಯಲ್ಲ. ಬರೆದು ಕೊಡಿ, ನಾನು ಸೈ ಅಂತೀನಿ. ಆದ್ರೆ ಅದರಲ್ಲಿ ನನ್ನ ಎಂಜಲಿನ ವಿಷಯ ಬೇಡ." ಹೊರಡುವಾಗ ಶಂಕರಮ್ಮನ ತಟ್ಟೆಯಲ್ಲಿ ಉಳಿದಿದ್ದ ಅಡಿಕೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು.

ಮರು ವರ್ಷ ಜಗದಾಂಬಾ ಡಾಕ್ಟರಾದಳು. ಒಂದು ಭಾನುವಾರ ಆ ತಗಡಿನ ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದಳು. ಗಂಗಾಧರಪ್ಪ ಆಗ ರಿಟೈರಾಗಿ, ಕ್ವಾರ್ಟರ್ಸ್ ಬಿಟ್ಟು, ನ್ಯೂ ಟೌನಿನ ಅಂಚಿನಲ್ಲೇ ಬಾಡಿಗೆ ಮನೆ ಮಾಡಿದ್ದರು. ಕುಲುಮೆ ತಣ್ಣಗಾಗಿತ್ತು, ಕೋಳಿಗಳು ಸರಿಯಾದ ಹೊತ್ತಿಗೆ ಕೂಗುತ್ತಿದ್ದವು. ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರವೂ ಮನೆಗೆ ಬಂದಿತ್ತು, ಅವರಿಗೆ ಆ ಸೂಜಿ ಕಂಡರೆ ಆಗದು. ಎರಡು ಸಾವಿರ ಡಿಗ್ರಿಯ ಮುಂದೆ ನಿಂತ ಮನುಷ್ಯ, ಸೂಜಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮಗಳು ಹಿತ್ತಲಲ್ಲೇ ಡಬ್ಬವಿಟ್ಟಳು. ಕುದಿಸಲಿಲ್ಲ, ಚುಚ್ಚಲಿಲ್ಲ. ಮೊದಲು ಬರೀ ನೀರಿನ ನಳಿಕೆ ತೋರಿಸಿದಳು. ಗಂಗಾಧರಪ್ಪ ತೂತಿಗೆ ಕಣ್ಣಿಟ್ಟು, ಬಹಳ ಹೊತ್ತು ತೆಗೆಯಲಿಲ್ಲ.

"ನಮ್ಮ ಕಿಟ್ಟದ ಬಣ್ಣನೇ ಕಣಮ್ಮ," ಅಂದರು.

ಆಮೇಲೆ ಅವರ ಮೂತ್ರದ ಕೆಲವು ಹನಿ ಬಿಟ್ಟ ನಳಿಕೆಯನ್ನು ಇಟ್ಟಳು. ಮಂಕು. ಅದರಲ್ಲಿ ಸಕ್ಕರೆ ಎಷ್ಟು, ಮೈಯೊಳಗಿಂದ ಇಳಿದು ಬಂದ ಅಡಿಕೆಯ ಒಗರು ಎಷ್ಟು, ಆ ಬೆಳಕು ಹೇಳಲಿಲ್ಲ. ಹೇಳುವುದಿಲ್ಲವೆಂದು ಅವಳೇ ಅಧ್ಯಾಯ ಬರೆದಿದ್ದಳು.

"ಅಪ್ಪಾ, ಇದು ಸರಿಯಾಗಿ ಹೇಳ್ಬೇಕು ಅಂದ್ರೆ ನೀವು ಕೆಲವು ದಿನ ಅಡಿಕೆ ಬಿಡ್ಬೇಕು."

"ಪೂರ್ತಿನಾ?"

"ಪೂರ್ತಿ."

"ಆಮೇಲೆ ತಿಂದ್ರೆ?"

"ಮತ್ತೆ ನೋಡ್ಬೇಕಾದಾಗ ಮತ್ತೆ ಬಿಡ್ಬೇಕು."

ಗಂಗಾಧರಪ್ಪ ಮಗಳ ಮುಖ ನೋಡಿದರು, ಡಬ್ಬ ನೋಡಿದರು. ಜೇಬಿನಿಂದ ಅಡಕತ್ತರಿ ತೆಗೆದು ಒಂದು ಅಡಿಕೆಯನ್ನು ಎರಡು ಹೋಳು ಮಾಡಿದರು. ಒಂದು ಅವರ ದವಡೆಗೆ ಹೋಯಿತು, ಇನ್ನೊಂದು ಮಗಳ ಕೈಗೆ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬೆರಳು ಚಾಚಿದರು.

"ಚುಚ್ಚಮ್ಮ."

ಅವಳು ಹೋಳನ್ನು ಬಾಯಿಗೆ ಹಾಕಿಕೊಂಡು ಸೂಜಿ ತೆಗೆದಳು. ಡಬ್ಬ ಈಗಲೂ ಆ ಮನೆಯಲ್ಲೇ ಇದೆ ಅನ್ನುತ್ತಾರೆ, ಒಳಗೆ…

"ರೀ, ಕೇಳಿಸ್ತಾ? ಆವಾಗಿಂದ ಕರೀತಿದೀನಿ. ಮುದ್ದೆ ಆರ್ತಾ ಇದೆ."

ನಮ್ಮವಳು ಕರೆಯುತ್ತಿದ್ದಾಳೆ, ಮಾರಾಯ. ಬಂದೆ, ಬಂದೆ.

"ಬಂದೆ ಅಂತ ಹಂಗೇ ಬರ್ಬೇಡಿ. ಬಾಯಲ್ಲಿರೋದನ್ನ ಉಗಿದು, ಮುಕ್ಕಳಿಸ್ಕೊಂಡು ಬನ್ನಿ."